ದನಿ ನಿಂತರೆ

ಸೀಬ್
ಒಮಾನ್, ೬ ಅಕ್ಟೋಬರ್ ೨೦೨೪

ಮೂರ್ತಿಯಣ್ಣನಿಗೆ ಖದೀಜಮ್ಮನ ಸಲಾಂ.

ಡಬ್ಬಿಯನ್ನು ನಿಮ್ಮ ಕಂಪನಿ ಬಸ್ಸಿನ ಡ್ರೈವರ್ ಚಲುವರಾಜುವಿನ ಕೈಗೆ ಕೊಟ್ಟಿದ್ದೇನೆ. ದುಕ್ಮ್ ಮುಟ್ಟುವಷ್ಟರಲ್ಲಿ ಅರ್ಧ ಖಾಲಿಯಾಗಿದ್ದರೆ ನನ್ನನ್ನು ದೂರಬೇಡಿ. ಕೆಳಗೆ ನಿಂಬೆ ಉಪ್ಪಿನಕಾಯಿ, ಮೇಲೆ ಅಕ್ಕಿಯ ಕಲ್ತಪ್ಪ. ಮೀನು ತಾಗದ ಪಾತ್ರೆಯಲ್ಲೇ ಮಾಡಿದ್ದು. ನಮ್ಮ ಅಡುಗೆಮನೆಯಲ್ಲಿ ಆ ಪಾತ್ರೆಗೆ ಈಗಲೂ ನಿಮ್ಮದೇ ಹೆಸರು. ಕಳೆದ ಸಲ ಡಬ್ಬಿಯಲ್ಲಿ ಬಂದ ಖರ್ಜೂರ ಚೆನ್ನಾಗಿತ್ತು. ಖಾಲಿ ಡಬ್ಬಿ ಹಿಂದಕ್ಕೆ ಕೊಡಬಾರದು ಎನ್ನುವುದು ನಿಮ್ಮಲ್ಲೂ ಉಂಟು, ನಮ್ಮಲ್ಲೂ ಉಂಟು. ಆದರೆ ಖರ್ಜೂರದ ಜೊತೆ ಒಂದು ಕಾಗದ ಇಟ್ಟರೆ ಡಬ್ಬಿ ಒಡೆದು ಹೋಗುವುದಿಲ್ಲ. ಫೋನಿನಲ್ಲಂತೂ ನೀವು ಹೂಂ ಬಿಟ್ಟು ಬೇರೆ ಮಾತಾಡುವವರಲ್ಲ. ಅದಕ್ಕೇ ನಾನು ಮೊದಲು ಬರೆಯುತ್ತಿದ್ದೇನೆ.

ಈಗ ವಿಷಯ. ಆಶಿತಾ ರೇಸಿನಲ್ಲಿ ಕಾರು ಓಡಿಸುತ್ತಿದ್ದಾಳೆ.

ಇವರ ಗ್ಯಾರೇಜಿನ ಹಿಂದೆ ಒಂದು ಹಳೆ ಟ್ಯಾಕ್ಸಿ ಬಿದ್ದಿತ್ತಲ್ಲ, ಅದೇ ಕಾರು. ಹಿಂದಿನ ಸೀಟು ತೆಗೆದು ಒಳಗೆಲ್ಲ ಕಬ್ಬಿಣದ ಪೈಪು ಕೂರಿಸಿದ್ದಾರೆ. ಇಲ್ಲಿಂದ ಸ್ವಲ್ಪ ದೂರದಲ್ಲಿ ಒಂದು ಸಣ್ಣ ಟ್ರ್ಯಾಕ್ ಉಂಟು, ಉಂಗುರದ ಹಾಗೆ. ಇಂಥ ಮಾಮೂಲಿ ಕಾರುಗಳೇ ಒಂದರ ಬೆನ್ನಿಗೊಂದು ಎಡಕ್ಕೆ ತಿರುಗಿ ತಿರುಗಿ ಸುತ್ತುತ್ತವೆ. ಮೊದಲ ಸಲ ಕೊನೆಯವಳಾಗಿ ಬಂದಳು. ಆಮೇಲೆ ನಾಲ್ಕನೆಯವಳು. ಮೊನ್ನೆ ಶುಕ್ರವಾರ ಮೊದಲನೆಯವಳು.

ತಾಯಿ ಇಲ್ಲದ ನಿಮ್ಮ ಹನ್ನೆರಡು ವರ್ಷದ ಮಗಳನ್ನು ನನ್ನ ಮನೆಯಲ್ಲಿ ಬಿಟ್ಟು ನೀವು ದುಕ್ಮ್‌ಗೆ ಹೋದಿರಿ. ಈಗ ಅವಳಿಗೆ ಇಪ್ಪತ್ತು. ಕೇಳದೆ ಬಿಟ್ಟದ್ದು ನನ್ನ ತಪ್ಪು, ಬೈಯುವುದಿದ್ದರೆ ನನಗೆ ಬೈಯಿರಿ. ಆದರೆ ಬೇಡ ಎನ್ನುವ ಮೊದಲು ಅವಳು ಹೆಲ್ಮೆಟ್ ತೆಗೆದಾಗಿನ ಮುಖವನ್ನು ಒಮ್ಮೆ ನೋಡಬೇಕು ನೀವು.

ಭಯ ಬೇಡ. ಕಾರಿನಲ್ಲಿ ಕೂತವಳಿಗೆ ಕುತ್ತಿಗೆ ತಿರುಗಿಸಲಾಗುವುದಿಲ್ಲ, ಅಕ್ಕಪಕ್ಕ ಕಾಣುವುದಿಲ್ಲ. ಅದಕ್ಕೆ ಎತ್ತರದಲ್ಲಿ ನಿಂತು ರೇಡಿಯೋದಲ್ಲಿ ಹೇಳಿಕೊಡಲು ಒಂದು ಜನ ಉಂಟು. ಒಳ್ಳೆಯ ಜನ.

ಖದೀಜಮ್ಮ

*

ದುಕ್ಮ್
೧೭ ಅಕ್ಟೋಬರ್ ೨೦೨೪

ಖದೀಜಮ್ಮನವರಿಗೆ ನಮಸ್ಕಾರ.

ಕಲ್ತಪ್ಪ ಪೂರ್ತಿಯಾಗಿಯೇ ಬಂತು. ಉಪ್ಪಿನಕಾಯಿಯ ಬಗ್ಗೆ ಮಾತ್ರ ಚಲುವರಾಜು, "ಉಪ್ಪು ಒಂಚೂರು ಮುಂದು ಸಾರ್, ಅಮ್ಮಾವ್ರಿಗೆ ಹೇಳ್ಬುಡಿ" ಎಂದ.

ನಾನು ಬೈಯುವುದಿಲ್ಲ. ಬೈಯಬೇಕಾದರೆ ಹತ್ತಿರದಲ್ಲಿರಬೇಕು. ಪ್ರತಿ ಶುಕ್ರವಾರ ಅವಳು ಫೋನು ಮಾಡುತ್ತಾಳೆ. ಊಟ ಆಯಿತಾ ಎಂದು ನಾನು ಕೇಳುತ್ತೇನೆ, ಆಯಿತು ಎನ್ನುತ್ತಾಳೆ. ಆಮೇಲೆ ಇಬ್ಬರೂ ಗಾಳಿಯ ಸದ್ದು ಕೇಳುತ್ತೇವೆ. ಇಷ್ಟು ವಾರ ಆ ಗಾಳಿಯ ಹಿಂದೆ ಒಂದು ಕಾರು ಓಡುತ್ತಿತ್ತು ಎಂದು ಈಗ ತಿಳಿಯಿತು.

ನನ್ನ ಕೆಲಸವೇನೆಂದು ನಿಮಗೆ ಯಾವತ್ತೂ ಸರಿಯಾಗಿ ಹೇಳಿಲ್ಲ. ಹಡಗಿನ ಹೊಟ್ಟೆಯೊಳಗೆ ಸರಕು ಇಳಿಸುವ ಕ್ರೇನಿನವನಿಗೆ ಆ ಹೊಟ್ಟೆ ಕಾಣುವುದಿಲ್ಲ. ನಾನು ಅಂಚಿನಲ್ಲಿ ನಿಂತು ರೇಡಿಯೋದಲ್ಲಿ "ಇಳಿಸು, ಇಳಿಸು, ಇಳಿಸು" ಎನ್ನುತ್ತಿರಬೇಕು. ನನ್ನ ದನಿ ನಿಂತರೆ ಅವನು ನಿಲ್ಲಬೇಕು. ರೇಡಿಯೋ ಕೆಟ್ಟಿರಲಿ, ನಾನು ಕುಸಿದು ಬಿದ್ದಿರಲಿ, ಕಾರಣ ಹುಡುಕುವ ಹಾಗಿಲ್ಲ. ರಜೆಗೆ ಬಂದಾಗ ನಿಮ್ಮ ಕಟ್ಟಡದ ಹಿಂದಿನ ಖಾಲಿ ಜಾಗದಲ್ಲಿ ಆಶಿತಾಳಿಗೆ ಕಾರನ್ನು ಹಿಂದಕ್ಕೆ ತೆಗೆಯುವುದು ಕಲಿಸಿದ್ದೂ ಹೀಗೆಯೇ. ನಾನು "ಬಾ, ಬಾ, ಬಾ" ಎನ್ನುತ್ತ ಕಾರಿನ ಹಿಂದೆ ನಡೆಯುತ್ತಿದ್ದೆ. ನನ್ನ ಬಾಯಿ ಮುಚ್ಚಿದ ಕ್ಷಣ ಬ್ರೇಕು. ಕಿಟಕಿಯಿಂದ ತಲೆ ಹೊರಹಾಕಿ "ನಿಂತೆ ಅಪ್ಪಾ" ಎನ್ನುತ್ತಿದ್ದಳು. ಬೇರೇನು ಕಲಿಸಿದೆನೋ ನೆನಪಿಲ್ಲ. ಅದೊಂದನ್ನು ಮಾತ್ರ ಚೆನ್ನಾಗಿ ಕಲಿತಳು.

ರೇಡಿಯೋ ಹಿಡಿಯುವ ಆ ಮನುಷ್ಯ ಯಾರು? ಅವನ ದನಿ ಹೇಗಿದೆ? ಕೋಪ ಬಂದಾಗ ದನಿ ಏರುವವನಾದರೆ ಒಳ್ಳೆಯದಲ್ಲ.

ಇನ್ನೊಂದು ಮಾತು. ನಾವು ಗುಡಿಯನ್ನು ಬಲಕ್ಕಿಟ್ಟುಕೊಂಡು ಸುತ್ತುವವರು. ಎಡಕ್ಕೆ ತಿರುಗುತ್ತ ಸುತ್ತುವುದನ್ನು ನನ್ನ ತಾಯಿ ಕಂಡಿದ್ದರೆ ಸುಮ್ಮನಿರುತ್ತಿರಲಿಲ್ಲ. ಗ್ಯಾರೇಜಿನಲ್ಲಿ ಹಂಝ ಅವರಿಗೆ ನಮಸ್ಕಾರ ಹೇಳಿ.

ಶ್ರೀನಿವಾಸಮೂರ್ತಿ

*

ಸೀಬ್
೧೦ ನವೆಂಬರ್ ೨೦೨೪

ಮೂರ್ತಿಯಣ್ಣನಿಗೆ ಸಲಾಂ.

ಮಕ್ಕಾದಲ್ಲಿ ನಾವು ಕಾಬಾ ಸುತ್ತುವುದು ಎಡಗೈ ಕಡೆಗೆ ಇಟ್ಟುಕೊಂಡೇ. ಹಾಗಾಗಿ ಹುಡುಗಿ ನಮ್ಮ ಕ್ರಮದಲ್ಲಿ ಸರಿಯಾಗಿಯೇ ಸುತ್ತುತ್ತಿದ್ದಾಳೆ. ನಿಮ್ಮ ತಾಯಿಯವರ ಹತ್ತಿರ ನಾನು ಮಾತಾಡಿಕೊಳ್ಳುತ್ತಿದ್ದೆ.

ಆ ಮನುಷ್ಯನ ದನಿ ಹೇಗುಂಟು ಎಂದು ಕೇಳಿದಿರಿ. ಸ್ವಲ್ಪ ದಪ್ಪ. ಬೆಳಿಗ್ಗೆ ಎದ್ದಾಗ ಕೆಮ್ಮು. ಸಕ್ಕರೆ ಕಾಯಿಲೆ ಉಂಟು, ಆದರೂ ಹಲ್ವ ಬಿಡುವುದಿಲ್ಲ. ಮೂರ್ತಿಯಣ್ಣ, ಆ ಮನುಷ್ಯ ನಾನೇ.

ನಗಬೇಡಿ. ಮೊದಲ ದಿನ ರೇಡಿಯೋ ಹಿಡಿದದ್ದು ಇವರು. "ಅಯ್ಯೋ ಬಂದ, ಅಯ್ಯೋ ಹೋಯ್ತು" ಎಂದು ಒಂದೇ ಬೊಬ್ಬೆ. "ಅಂಕಲ್, ಯಾರು ಬಂದ? ಏನು ಹೋಯ್ತು?" ಎಂದು ಅವಳು ಕಾರಿನೊಳಗಿಂದ ಕೇಳಿದರೆ, "ಎಲ್ಲ ಹೋಯ್ತು ಮಗಾ" ಎಂದರು. ಕೊನೆಯವಳಾಗಿ ಬಂದದ್ದು ಅದಕ್ಕೇ. ಮುಂದಿನ ವಾರ ನಾನು ಅವರ ಕೈಯಿಂದ ಕಿತ್ತುಕೊಂಡೆ. ಅಬಾಯ ಹಾಕಿಕೊಂಡು ಕಬ್ಬಿಣದ ಏಣಿ ಹತ್ತುವಾಗ ಎಲ್ಲರೂ ನೋಡಿದರು. ಮೇಲೆ ನಿಂತ ಮೇಲೆ ಯಾರ ನೆನಪೂ ಇರಲಿಲ್ಲ. "ಹೋಗು ಮಗಾ, ಹೋಗು, ಹೋಗು, ಒಳಗೆ ಒಬ್ಬ ಇದ್ದಾನೆ, ಇದ್ದಾನೆ, ಇದ್ದಾನೆ, ಇಲ್ಲ, ಹೋಗು." ಒಳಗೆ ಎಂದರೆ ಉಂಗುರದ ಒಳಬದಿ, ಅವಳ ಎಡಕ್ಕೆ. ಇಷ್ಟೇ ಕೆಲಸ. ಮದುವೆಯಾದ ದಿನದಿಂದ ನಿಲ್ಲದ ಬಾಯಿಗೆ ಕಡೆಗೂ ಒಂದು ಉದ್ಯೋಗ ಸಿಕ್ಕಿತು ಎಂದು ಇವರು ಹೇಳುತ್ತಾರೆ.

ಮೊನ್ನೆ ರುಸ್ತಾಕ್‌ನಲ್ಲಿ ಗೆದ್ದಳು. ಊರಾಚೆಯ ಮಣ್ಣಿನ ಟ್ರ್ಯಾಕು, ನನ್ನ ಮೂಗಿನ ತುಂಬ ಧೂಳು. ಪಕ್ಕದಲ್ಲಿ ಇನ್ನೊಂದು ಕಾರಿನ ಒಮಾನಿ ಹುಡುಗ ನಿಂತಿದ್ದ. ನಾವು ಯಾವ ಭಾಷೆ ಆಡುತ್ತೇವೆಂದು ಅವನಿಗೆ ತಿಳಿಯದು. ಕೊನೆಗೆ ತನ್ನ ರೇಡಿಯೋ ಕೆಳಗಿಟ್ಟು ಅವನೂ "ಹೋಗು ಮಗಾ, ಯಲ್ಲಾ" ಎಂದು ಕೂಗಿದ. ಅವನ ಕಾರು ಆಗಲೇ ಕೆಟ್ಟು ನಿಂತಿತ್ತು ಅನ್ನಿ.

ಡಿಸೆಂಬರ್ ಹದಿಮೂರಕ್ಕೆ ಸೀಬ್‌ನಲ್ಲಿ ದೊಡ್ಡ ರೇಸು. ಇಲ್ಲಿನ ಅಂಕಗಳು ಚೆನ್ನಾಗಿದ್ದರೆ ಏಪ್ರಿಲ್‌ನಲ್ಲಿ ಗಡಿಯಾಚೆ ಅಲ್ ಐನ್‌ನಲ್ಲಿ ಕೊನೆಯ ರೇಸು. ಅಲ್ಲಿ ಮೊದಲ ಇಬ್ಬರನ್ನು ಬಹರೈನಿನ ತಂಡವೊಂದು ತೆಗೆದುಕೊಳ್ಳುತ್ತದಂತೆ. ಬರುತ್ತೀರಾ? ಅವಳು ಕೇಳುವುದಿಲ್ಲ. ನಾನು ಕೇಳುತ್ತಿದ್ದೇನೆ.

ಖದೀಜಮ್ಮ

*

ದುಕ್ಮ್
೨೧ ನವೆಂಬರ್ ೨೦೨೪

ಖದೀಜಮ್ಮನವರಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ಊಟದ ಹಾಲ್‌ನಲ್ಲಿ ಓದಿದ್ದು ತಪ್ಪಾಯಿತು. ಮೂರ್ತಿ ಸಾಹೇಬರು ನಕ್ಕರು ಎಂಬ ಸುದ್ದಿ ಬಂದರಿನವರೆಗೂ ಹೋಗಿದೆ. ಅವಳು ಬೇರೆ ಯಾರ ದನಿಯನ್ನೋ ನಂಬಿ ಓಡಿಸುತ್ತಿದ್ದಾಳೆ ಎಂಬುದು ಒಂದು ತಿಂಗಳಿನಿಂದ ನನ್ನನ್ನು ಕೊರೆಯುತ್ತಿತ್ತು. ಈಗ ನಿದ್ದೆ ಬರುತ್ತದೆ.

ಹದಿಮೂರಕ್ಕೆ ಬರಲು ನೋಡುತ್ತೇನೆ. ಆ ವಾರ ಒಂದು ಹಡಗು ಬರುವುದಿದೆ. ಡಬ್ಬಿಯಲ್ಲಿ ಒಣನಿಂಬೆ ಇಟ್ಟಿದ್ದೇನೆ.

ಶ್ರೀನಿವಾಸಮೂರ್ತಿ

*

ಸೀಬ್
೧೯ ಡಿಸೆಂಬರ್ ೨೦೨೪

ಮೂರ್ತಿಯಣ್ಣನಿಗೆ ಸಲಾಂ.

ರೇಸಿಗೆ ಬರಲಾಗದ ನೀವು ಮರುದಿನ ಆಸ್ಪತ್ರೆಗೆ ಬಂದು ಅವಳ ಕಾಲ ಬಳಿ ಕೂತು ಕಿತ್ತಳೆ ಸುಲಿದು ಕೊಟ್ಟಿರಿ, ಬಸ್ಸಿನ ಹೊತ್ತಾಯಿತು ಎಂದು ಎದ್ದಿರಿ. ಹೇಗಾಯಿತು ಎಂದು ಕೇಳಲಿಲ್ಲ. ನೀವು ಕೇಳದಿದ್ದರೂ ನಾನು ಹೇಳಬೇಕು.

ಸಾಮಾನ್ಯವಾಗಿ ಸಂಜೆಯ ಮಗ್ರಿಬ್ ನಮಾಜಿಗೆ ಮೊದಲೇ ರೇಸು ಮುಗಿಸುತ್ತಾರೆ. ಅವತ್ತು ಮೊದಲಿನ ರೇಸಿನಲ್ಲಿ ಯಾರದೋ ಕಾರಿನ ಎಣ್ಣೆ ಚೆಲ್ಲಿ, ತೊಳೆದು, ತಡವಾಯಿತು. ಆಶಿತಾ ಮುಂದಿದ್ದಳು. ಟ್ರ್ಯಾಕಿನ ಗೋಡೆಯಾಚೆಯೇ ಮಸೀದಿ, ನಮಾಜಿಗೆ ಕರೆಯುವ ಬಾಂಗ್ ಶುರುವಾಯಿತು. ನಾನು ತಲೆಗೆ ಶಾಲು ಎಳೆದುಕೊಂಡು ಸುಮ್ಮನೆ ನಿಂತೆ. ಅವಳ ಅಕ್ಕಪಕ್ಕ ಯಾರೂ ಇರಲಿಲ್ಲ, ನೇರ ದಾರಿ, ಹೇಳುವಂಥದ್ದೇನೂ ಇರಲಿಲ್ಲ. ಅಷ್ಟರಲ್ಲಿ ಅವಳ ಕಾರು ಇದ್ದಕ್ಕಿದ್ದಂತೆ ನಿಧಾನವಾಯಿತು. ಹಿಂದಿನವನಿಗೆ ತಪ್ಪಿಸಲು ಆಗಲಿಲ್ಲ.

ಗೇರು ಸಿಕ್ಕಿಹಾಕಿಕೊಂಡಿತು ಎಂದು ಅವಳು ಹೇಳುತ್ತಾಳೆ. ಇವರು ಗೇರುಪೆಟ್ಟಿಗೆ ಬಿಚ್ಚಿ ನೋಡಿ, ಎಂತದೂ ಇಲ್ಲ ಎಂದು ತಲೆ ಕೆರೆದುಕೊಳ್ಳುತ್ತಿದ್ದಾರೆ.

ಒಂದು ವಿಷಯ ಫೋನಿನಲ್ಲಿ ಹೇಳಿರಲಿಲ್ಲ, ನೀವು ಹೆದರುತ್ತೀರೆಂದು. ಗುದ್ದು ಬಿದ್ದ ಕೂಡಲೇ ರೇಡಿಯೋದಲ್ಲಿ ಅವಳ ದನಿ ಬಂತು. "ನಿಂತೆ ಅಪ್ಪಾ" ಎಂದಳು. ತಲೆಗೂ ಪೆಟ್ಟಾಗಿದೆ ಎಂದೇ ನಾನು ತಿಳಿದದ್ದು. ಡಾಕ್ಟರು ತಲೆ ಸರಿ ಉಂಟು, ಭುಜದ ಮೂಳೆ ಮಾತ್ರ ಎಂದರು. ದೇವರು ದೊಡ್ಡವನು.

ಅಂಕಗಳಲ್ಲಿ ಅವಳು ಇನ್ನೂ ಮುಂದೆಯೇ ಇದ್ದಾಳೆ. ಏಪ್ರಿಲ್ ಹೊತ್ತಿಗೆ ಮೂಳೆ ಕೂಡುತ್ತದೆ. ನೀವು ಒಂದು ಮಾತು ಬರೆಯಿರಿ.

ಖದೀಜಮ್ಮ

*

ಸೀಬ್
೧೯ ಜನವರಿ ೨೦೨೫

ಮೂರ್ತಿಯಣ್ಣನಿಗೆ.

ಡಬ್ಬಿ ಮತ್ತೆ ಬಂತು. ಒಳಗೆ ಒಂದು ಹಿಡಿ ಸಕ್ಕರೆ. ಕಳೆದ ಸಲವೂ ಸಕ್ಕರೆ. ಶಾಸ್ತ್ರಕ್ಕೆ ಹಾಕಿದ ಸಕ್ಕರೆಯನ್ನು ಏನು ಮಾಡಲಿ? ನನಗೆ ಡಾಕ್ಟರು ಬೇಡ ಎಂದಿದ್ದಾರೆ.

ಖದೀಜಮ್ಮ

*

ಸೀಬ್
೫ ಫೆಬ್ರವರಿ ೨೦೨೫

ಮೂರ್ತಿಯಣ್ಣನಿಗೆ.

ಇನ್ನು ನಾನು ಮರ್ಯಾದೆ ನೋಡುವುದಿಲ್ಲ.

ಆಶಿತಾಳ ಭುಜ ಸರಿಯಾಗಿದೆ. ಇವರು ಕಾರನ್ನು ನೆಟ್ಟಗೆ ಮಾಡಿ ಬಣ್ಣ ಕೂಡ ಹೊಡೆದರು. ನಿನ್ನೆ ಅವಳು ಗ್ಯಾರೇಜಿಗೆ ಹೋಗಿ ಅದರ ಮೇಲೆ ಟಾರ್ಪಾಲು ಎಳೆದು ಬಂದಳು. "ಮುಗೀತು ಆಂಟಿ, ಖಲಾಸ್" ಎಂದಳು. ಯಾಕೆ ಎಂದು ಕೇಳಿದೆ. "ಅಪ್ಪನಿಗೆ ಇಷ್ಟ ಇಲ್ಲ." ಅಪ್ಪ ಹೇಳಿದರಾ? "ಹೇಳಬೇಕಾ? ಹೀ ವೆಂಟ್ ಸೈಲೆಂಟ್. ಶುಕ್ರವಾರ ಫೋನಿನಲ್ಲಿ ಊಟ ಆಯ್ತಾ ಅನ್ನೋದನ್ನೂ ಬಿಟ್ಟಿದ್ದಾರೆ."

ಹಾಗಲ್ಲ ಮಗಾ ಎಂದೆ. ಆದರೆ ಹೇಗೆ ಎಂದು ನನಗೇ ಗೊತ್ತಿಲ್ಲ. ಬೇಡ ಎಂದಾದರೆ ಬೇಡ ಎಂದು ಬರೆಯಿರಿ. ಗಂಡಸರ ಕೋಪವನ್ನು ನಾನು ಕಂಡಿದ್ದೇನೆ, ಬೊಬ್ಬೆ ಹಾಕಿ ಮುಗಿಯುತ್ತದೆ. ಇದೆಂಥದು, ಬಾಗಿಲು ಮುಚ್ಚಿದ ಅಂಗಡಿಯ ಮುಂದೆ ನಿಂತ ಹಾಗೆ. ಒಳಗೆ ಜನ ಇದ್ದಾರೋ ಇಲ್ಲವೋ?

ಈ ಸಲ ಡಬ್ಬಿಯಲ್ಲಿ ಏನೂ ಸಿಹಿ ಇಲ್ಲ.

ಖದೀಜಮ್ಮ

*

ದುಕ್ಮ್
೯ ಫೆಬ್ರವರಿ ೨೦೨೫

ಖದೀಜಮ್ಮನವರಿಗೆ ನಮಸ್ಕಾರ.

ಕೋಪವಲ್ಲ.

ನಿಮ್ಮ ಡಿಸೆಂಬರ್ ಕಾಗದದಲ್ಲಿ ಬಾಂಗಿನ ಮಾತಿತ್ತು. ಅದರ ಕೆಳಗೆ "ನಿಂತೆ ಅಪ್ಪಾ" ಎಂಬ ಮಾತಿತ್ತು. ನೀವು ಎರಡನ್ನೂ ಬರೆದಿದ್ದಿರಿ, ಸೇರಿಸಿ ಓದಿರಲಿಲ್ಲ. ಗೇರು ಸಿಕ್ಕಿಹಾಕಿಕೊಂಡಿರಲಿಲ್ಲ. ಹಂಝ ಅವರಿಗೆ ಹೇಳಿ, ತಲೆ ಕೆರೆದುಕೊಳ್ಳುವುದು ಬೇಡ. ಅವಳ ಕಿವಿಯಲ್ಲಿ ಎಡೆಬಿಡದೆ ಇದ್ದ ದನಿ ನಿಂತಿತು. ಅವಳ ಕಾಲು ಬ್ರೇಕಿಗೆ ಹೋಯಿತು. ಆ ಕಾಲಿಗೆ ಅಷ್ಟು ಚೆನ್ನಾಗಿ ಕಲಿಸಿದವನು ನಾನು.

ಅವಳಿಗೆ ಇದು ಗೊತ್ತು. ನಿಮಗೆ ನೋವಾಗಬಾರದೆಂದು ಗೇರಿನ ಕಥೆ ಕಟ್ಟಿದ್ದಾಳೆ. ಆಸ್ಪತ್ರೆಯಲ್ಲಿ ನಾನು ಕೇಳದಿದ್ದುದಕ್ಕೆ ಕಾರಣವೇನೂ ಇರಲಿಲ್ಲ, ಕೇಳಲು ಬಾರದು ಅಷ್ಟೆ. ಆದರೆ ನಿಮ್ಮ ಕಾಗದ ಓದಿದ ಮೇಲೆ ಸುಮ್ಮನಿದ್ದುದಕ್ಕೆ ಕಾರಣವಿತ್ತು. ಬರೆದರೆ ನಿಮಗೆ ತಾಗುತ್ತದೆ, ಬರೆಯದಿದ್ದರೆ ಯಾರಿಗೂ ತಾಗುವುದಿಲ್ಲ ಎಂದುಕೊಂಡೆ. ಪ್ರತಿ ಸಲ ಡಬ್ಬಿಯ ಮುಂದೆ ಕೂತು, ಹಾಳೆ ಮಡಚಿ ಇಟ್ಟು, ಸಕ್ಕರೆ ಹಾಕಿ ಕಳುಹಿಸಿದೆ. ಅದು ಅವಳಿಗೆ ತಾಗುತ್ತದೆ ಎಂದು ಹೊಳೆಯಲಿಲ್ಲ. ನನ್ನ ಬಾಯಿ ಮುಚ್ಚಿದರೆ ಅವಳು ನಿಲ್ಲುತ್ತಾಳೆ ಎಂಬುದನ್ನು ಎಲ್ಲರಿಗಿಂತ ಮೊದಲು ತಿಳಿದವನಿಗೆ ಹೊಳೆಯಲಿಲ್ಲ.

ರೇಡಿಯೋವನ್ನು ಬೇರೆಯವರಿಗೆ ಕೊಡಿ ಎಂದು ನಾನು ಹೇಳಲಾರೆ. ಬಾಂಗಿನ ಹೊತ್ತಿಗೆ ಮಾತಾಡಿ ಎಂದೂ ಹೇಳಲಾರೆ. ಅವಳು ಓಡಿಸಬಾರದು ಎಂದಂತೂ ಹೇಳಿಲ್ಲ, ಹೇಳುವುದಿಲ್ಲ. ಉಳಿಯುವುದು ನಾನು ಕಲಿಸಿದ್ದೊಂದೇ. ಅದನ್ನು ಹೇಗೆ ತೆಗೆಯುವುದೋ ತಿಳಿಯದು.

ಶ್ರೀನಿವಾ‌ಸಮೂರ್ತಿ

*

ಸೀಬ್
೧೩ ಫೆಬ್ರವರಿ ೨೦೨೫

ಮೂರ್ತಿಯಣ್ಣ,

ಕಾಗದ ಓದಿ ಅವಳ ಕೋಣೆಗೆ ಹೋದೆ. "ಗೇರು ಹೇಗಿತ್ತು ಮಗಾ?" ಎಂದು ಕೇಳಿದೆ. ಗೋಡೆ ಕಡೆ ತಿರುಗಿಕೊಂಡಳು. ಅವಳ ಬೆನ್ನು ಸವರುತ್ತ ಸ್ವಲ್ಪ ಹೊತ್ತು ಕೂತೆ. ಆಮೇಲೆ ಅಡುಗೆಮನೆಗೆ ಹೋಗಿ ನನ್ನ ಪಾಲಿನದನ್ನು ಅತ್ತು ಮುಗಿಸಿದೆ. ಅದರ ಬಗ್ಗೆ ಇನ್ನು ಮಾತು ಬೇಡ.

ನಾನು ಬಾಂಗಿಗೆ ಸುಮ್ಮನಾಗುವವಳೇ. ನನ್ನ ಉಮ್ಮ ಕೈಯಲ್ಲಿ ಹಾಲಿನ ಪಾತ್ರೆ ಇದ್ದರೂ ಹಾಗೇ ನಿಲ್ಲುತ್ತಿದ್ದರು. ಅದನ್ನು ಬಿಡಲಾರೆ. ರೇಡಿಯೋವನ್ನೂ ಬಿಡಲಾರೆ, ಇವರ ಕೈಗೆ ಕೊಟ್ಟರೆ ಎಲ್ಲ ಹೋಯ್ತು ಎನ್ನುತ್ತಾರೆ. ಕಲಿಸಿದವರೇ ಬಂದು ಮರೆಸಿ ಹೋಗಿ. ಇಪ್ಪತ್ತೊಂದನೇ ತಾರೀಕು ಶುಕ್ರವಾರ. ಬರದಿದ್ದರೆ ಮುಂದಿನ ಡಬ್ಬಿಯಲ್ಲಿ ಬಂಗುಡೆ ಕಳುಹಿಸುತ್ತೇನೆ.

ಖದೀಜಮ್ಮ

*

ದುಕ್ಮ್
೨೪ ಫೆಬ್ರವರಿ ೨೦೨೫

ಖದೀಜಮ್ಮನವರಿಗೆ ನಮಸ್ಕಾರ.

ನೀವು ಬಟ್ಟೆ ಒಣಹಾಕುವ ನೆಪದಲ್ಲಿ ಬಾಲ್ಕನಿಯಲ್ಲಿ ನಿಂತಿದ್ದಿರಿ. ಹಗ್ಗದ ಮೇಲೆ ಒಂದು ಬಟ್ಟೆಯೂ ಇರಲಿಲ್ಲ. ಕೆಳಗೆ ಖಾಲಿ ಜಾಗದಲ್ಲಿ ನಡೆದದ್ದನ್ನು ಅಲ್ಲಿಂದ ನೀವು ನೋಡಿದಿರಿ, ಮಾತು ಕೇಳಿಸಿರಲಿಕ್ಕಿಲ್ಲ.

ನಾನು ಕಾರಿನ ಹಿಂದೆ ನಿಂತು "ಬಾ, ಬಾ, ಬಾ" ಎಂದು ಸುಮ್ಮನಾದೆ. ನಿಂತಳು. "ನಿಲ್ಲಬೇಡ" ಎಂದೆ. ಮತ್ತೆ ಸುಮ್ಮನಾದೆ. ಮತ್ತೆ ನಿಂತಳು. ಕಿಟಕಿಯಿಂದ ತಲೆ ಹಾಕಿ, "ನೀವು ಹಿಂದೆ ನಿಂತಿದ್ದೀರಲ್ಲಪ್ಪಾ, ಹೇಗೆ ಬರಲಿ?" ಎಂದಳು.

"ಕನ್ನಡಿಯಲ್ಲಿ ಕಾಣ್ತಾ ಇದ್ದೀನಾ?"

"ಕಾಣ್ತೀರಿ."

"ಮತ್ತೆ ನನ್ನ ಮಾತು ಯಾಕೆ ಬೇಕು?"

ಅವಳಿಗೆ ಸಿಟ್ಟು ಬಂತು. "ಯಾಕೆ ಅಂದ್ರೆ ನೀವೇ ಹೇಳಿಕೊಟ್ಟಿದ್ದು" ಎಂದಳು. ಅದು ನಿಜವಾದ್ದರಿಂದ ನಾನು ಅಲ್ಲೇ ನಿಂತೆ. ಎಷ್ಟು ಸಲ ಆಯಿತೋ ಲೆಕ್ಕವಿಡಲಿಲ್ಲ. ಬಿಸಿಲು ಕಟ್ಟಡದ ಆಚೆಗೆ ಹೋಯಿತು. ಕೊನೆಗೊಮ್ಮೆ ನಾನು ಸುಮ್ಮನಾದೆ, ಕಾರು ಸುಮ್ಮನಾಗಲಿಲ್ಲ. ನೇರ ನನ್ನತ್ತ ಬಂತು, ಸ್ಟಿಯರಿಂಗ್ ಕೊಂಚ ತಿರುಗಿತು, ಕನ್ನಡಿ ನನ್ನ ಅಂಗಿಯ ತೋಳನ್ನು ಸವರಿತು. ಹಿಂದಿನ ಗೋಡೆಯವರೆಗೆ ಹೋಗಿ, ತನಗೆ ಬೇಕಾದ ಕಡೆ ನಿಂತಿತು.

ಅವಳು ತಲೆ ಹೊರಹಾಕಲಿಲ್ಲ. "ನಿಂತೆ ಅಪ್ಪಾ" ಎನ್ನಲಿಲ್ಲ. ಆ ಮಾತಿಗೆ ನಾನು ಕಾದಿದ್ದೆ ಎಂಬುದು ವಾಪಸು ಬರುವಾಗ ಬಸ್ಸಿನಲ್ಲಿ ಗೊತ್ತಾಯಿತು.

ಟಾರ್ಪಾಲು ತೆಗೆದಳೇ?

ಶ್ರೀನಿವಾಸಮೂರ್ತಿ

*

ಸೀಬ್
೧೩ ಏಪ್ರಿಲ್ ೨೦೨೫

ಮೂರ್ತಿಯಣ್ಣನಿಗೆ ಸಲಾಂ.

ಟಾರ್ಪಾಲು ತೆಗೆದದ್ದನ್ನು ಆಗಲೇ ಬರೆಯಬೇಕಿತ್ತು, ಉಪವಾಸದ ತಿಂಗಳಲ್ಲಿ ಕೈ ಓಡಲಿಲ್ಲ. ಅಲ್ ಐನ್‌ನಲ್ಲಿ ಎಷ್ಟನೆಯವಳಾದಳು ಎಂದು ಶುಕ್ರವಾರವೇ ಅವಳು ಫೋನಿನಲ್ಲಿ ಹೇಳಿದ್ದಾಳೆ. ಎರಡನೆಯವಳು, ಬಹರೈನಿನವರು ಕರೆದರು, ನೀವು ಹೂಂ ಎಂದಿರಿ. ಅವಳು ಹೇಳದ್ದನ್ನು ನಾನು ಬರೆಯುತ್ತೇನೆ.

ಹಡಗು ಉಂಟು, ಬರಲಾಗುವುದಿಲ್ಲ ಎಂದಿದ್ದಿರಿ. ಚಲುವರಾಜುವನ್ನು ಕೇಳಿದೆ. "ಯಾವ ಹಡಗೂ ಇರ್ನಿಲ್ಲ ಕಣಮ್ಮ, ಸಾರು ರೂಮಲ್ಲೇ ಕೂತಿದ್ರು" ಎಂದ. ಇರಲಿ. ಈಗ ನಿಮ್ಮನ್ನು ಓದಲು ಸ್ವಲ್ಪ ಕಲಿತಿದ್ದೇನೆ, ಅವಳು ನಿಮ್ಮ ದನಿಗೆ ಕಾಯಬಾರದೆಂದು ದೂರ ಉಳಿದಿರಿ.

ಅಲ್ಲಿಯೂ ರೇಸು ತಡವಾಗಿಯೇ ಶುರುವಾಯಿತು. ಅವಳು ನಾಲ್ಕನೆಯವಳಿದ್ದಳು. ಕೊನೆಯ ಸುತ್ತುಗಳು, ಒಳಗಡೆ ಒಂದು ಕೆಂಪು ಕಾರು ಅವಳಿಗೆ ಅಂಟಿಕೊಂಡೇ ಇತ್ತು. "ಇದ್ದಾನೆ, ಇದ್ದಾನೆ" ಎಂದು ನಾನು ಹೇಳುತ್ತಿದ್ದೆ. ಮಾತಿನ ಮಧ್ಯದಲ್ಲಿ ಬಾಂಗ್ ಬಂತು.

ನಿಮ್ಮ ಹತ್ತಿರ ಸುಳ್ಳು ಯಾಕೆ, ನನ್ನ ಬಾಯಿ ತೆರೆದೇ ಇತ್ತು. ಒಂದು ಮಾತು ಹೇಳಿಬಿಡಲೇ ಎಂದು ಮನಸ್ಸು ಹೊಯ್ದಾಡಿತು. ಮತ್ತೆ ಶಾಲು ಎಳೆದುಕೊಂಡೆ. ಕೆಳಗೆ ಇವರು ಕಣ್ಣು ಮುಚ್ಚಿಕೊಂಡಿದ್ದರು.

ಆಗ ನನ್ನ ಕಿವಿಯಲ್ಲಿ ಅವಳ ದನಿ ಬಂತು. ನಾನು ರೇಡಿಯೋ ಹಿಡಿದ ಮೇಲೆ, ಕಾರು ಓಡುತ್ತಿರುವಾಗ ಅವಳು ಯಾವತ್ತೂ ಮಾತಾಡಿದವಳಲ್ಲ.

"ಹೋಗ್ತಾ ಇದ್ದೀನಿ ಆಂಟಿ" ಎಂದಳು. "ಹೋಗ್ತಾ ಇದ್ದೀನಿ. ಒಳಗೆ ಒಬ್ಬ ಇದ್ದಾನೆ. ಇದ್ದಾನೆ. ಇದ್ದಾನೆ. ಇಲ್ಲ. ಹೋಗ್ತಾ ಇದ್ದೀನಿ."

ಬಾಂಗ್ ಮುಗಿಯುವವರೆಗೂ ಹಾಗೇ ಹೇಳುತ್ತಿದ್ದಳು, ಮೆಲ್ಲಗೆ, ಮಗುವನ್ನು ಮಲಗಿಸುವವರ ಹಾಗೆ. ನಾನು ಮೇಲೆ ನಿಂತು ಅತ್ತದ್ದು, ಅಲ್ಲೂ ಪಕ್ಕದಲ್ಲಿ ನಿಂತಿದ್ದ ಆ ರುಸ್ತಾಕ್‌ನ ಒಮಾನಿ ಹುಡುಗನಿಗೆ ಮಾತ್ರ ಗೊತ್ತು. ಬಾಂಗ್ ಮುಗಿದು ನೋಡುತ್ತೇನೆ, ಅವಳ ಮುಂದೆ ಒಂದೇ ಕಾರು.

ಬಹರೈನಿನ ತಂಡದಲ್ಲಿ ರೇಡಿಯೋಕ್ಕೆ ಅವರದೇ ಜನ ಇದ್ದಾನಂತೆ, ಇಂಗ್ಲಿಷಿನವನು. ಒಳ್ಳೆಯದು. ಸೆಪ್ಟೆಂಬರ್‌ನಲ್ಲಿ ಹೋಗುತ್ತಾಳೆ. ಏಣಿ ಹತ್ತಿ ನನ್ನ ಮಂಡಿಯೂ ಸಾಕಾಗಿದೆ. ಅವಳ ಕೋಣೆ ಖಾಲಿಯಾಗುತ್ತದೆ, ಇವರು ಬಾಡಿಗೆಗೆ ಕೊಡೋಣ ಎನ್ನುತ್ತಾರೆ, ನಾನು ಇನ್ನೂ ಹೂಂ ಎಂದಿಲ್ಲ. ಅವಳೇ ಇಲ್ಲದ ಮೇಲೆ ಈ ಡಬ್ಬಿ, ಕಾಗದ ಎಲ್ಲ ಯಾವ ನೆಪಕ್ಕೆ ಎಂದು ನಿನ್ನೆ ಉಪ್ಪಿನಕಾಯಿ ತುಂಬುವಾಗ ಅನ್ನಿಸಿತು. ಉಪ್ಪು ಈ ಸಲ ಕಡಿಮೆ ಹಾಕಿದ್ದೇನೆ, ಚಲುವರಾಜುವಿಗೆ ಹೇಳಿ.

ಖದೀಜಮ್ಮ

*

ದುಕ್ಮ್
೧೭ ಏಪ್ರಿಲ್ ೨೦೨೫

ಖದೀಜಮ್ಮನವರಿಗೆ ನಮಸ್ಕಾರ.

ಬಸ್ಸು ಹೊರಟು ನಿಂತಿದೆ. ಚಲುವರಾಜು ಹಾರ್ನ್ ಹೊಡೆಯುತ್ತಿದ್ದಾನೆ. ಈ ಚೀಟಿಯನ್ನು ಡಬ್ಬಿಯ ಮುಚ್ಚಳದ ಮೇಲೆ ಅಂಟಿಸುತ್ತಿದ್ದೇನೆ. ಒಳಗೆ ಏನೂ ಇಲ್ಲ, ಸಕ್ಕರೆಯನ್ನೂ ಹಾಕಿಲ್ಲ. ಡಬ್ಬಿಗೂ ಕಾಗದಕ್ಕೂ ನೆಪ ಬೇಡ.

ನೀವು ನಿಲ್ಲಬೇಡಿ.

ಮೂರ್ತಿ